ಕನ್ನಡ ಸಾಲಿನಲ್ಲಿ ಕರ್ಸರ್ ಜಾಗ ತಪ್ಪಿದರೆ: ಎಡಿಟರ್ ಕಮಾಂಡ್‌ಗಳ ದೋಷ ನಿವಾರಣೆ ಕೈಪಿಡಿ

ಇಂಗ್ಲಿಷ್ ಸಾಲಿನಲ್ಲಿ ಸರಿಯಾಗಿ ನಡೆಯುವ ಕಮಾಂಡ್ ಕನ್ನಡ ಸಾಲಿಗೆ ಬಂದ ಕೂಡಲೇ ದಾರಿ ತಪ್ಪುತ್ತದೆ. ಪದಕ್ಕೆ ಉದ್ಧರಣ ಚಿಹ್ನೆ ಹಾಕು ಅಂದರೆ ಪದದ ನಡುವೆ ಹಾಕುತ್ತದೆ. ಸಾಲನ್ನು ನಕಲು ಮಾಡು ಅಂದರೆ ಕರ್ಸರ್ ಸಾಲಿನ ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ. ಒಂದು ಅಕ್ಷರ ಅಳಿಸು ಅಂದರೆ ಒಂದು ಕಡೆ ಗುಡಿಸು ಮಾತ್ರ ಹೋಗುತ್ತದೆ, ಇನ್ನೊಂದು ಕಡೆ ಇಡೀ ಗುಣಿತಾಕ್ಷರವೇ ಹೋಗುತ್ತದೆ.

ಎಡಿಟರ್‌ಗೆ ಸಣ್ಣಪುಟ್ಟ ಕಮಾಂಡ್, ಮ್ಯಾಕ್ರೋ, ಪ್ಲಗಿನ್ ಬರೆಯುವವರಿಗಾಗಿ ಈ ಬರಹ. ಬೇರೆಯವರ ಪ್ಲಗಿನ್ ಬಳಸುತ್ತಾ ಅದು ಎಲ್ಲಿ ಎಡವುತ್ತಿದೆ ಎಂದು ತಿಳಿಯಬೇಕಾದವರಿಗೂ ಇದು ಆಗುತ್ತದೆ. ಉದಾಹರಣೆಗಳನ್ನು ಹೆಚ್ಚಾಗಿ ಕೋಡ್ ಬರೆಯುವವರು ಬಳಸುವ ಎಡಿಟರ್‌ಗಳಾದ ವಿಮ್, ನಿಯೋವಿಮ್, ಈಮ್ಯಾಕ್ಸ್‌ಗಳಿಂದ ತೆಗೆದುಕೊಂಡಿದ್ದೇನೆ. ಒಳಗೆ ಏನು ನಡೆಯುತ್ತಿದೆ ಎಂದು ಇವು ಬಿಚ್ಚಿ ತೋರಿಸುತ್ತವೆ. ಕಾರಣಗಳು ಮಾತ್ರ ಎಲ್ಲ ಎಡಿಟರ್‌ಗಳಿಗೂ ಒಂದೇ.

ನನ್ನ ಸಲಹೆ ಇಷ್ಟು: ಕೋಡ್ ತೆರೆಯುವ ಮೊದಲು ಕರ್ಸರ್ ಎಷ್ಟು ತಪ್ಪಿದೆ ಎಂದು ಎಣಿಸಿ. ಎಡಕ್ಕೋ ಬಲಕ್ಕೋ, ಒಂದೇ ಹೆಜ್ಜೆಯೋ ಸುಮಾರು ಮೂರು ಪಟ್ಟೋ, ಪ್ರತಿ ಸಲವೋ ಇಮೋಜಿ ಇದ್ದಾಗ ಮಾತ್ರವೋ. ಕರ್ಸರ್ ಸುಮ್ನೆ ಎಲ್ಲೋ ಹೋಗಿ ನಿಲ್ಲುವುದಿಲ್ಲ. ಅದು ತಪ್ಪಿದ ದೂರದಲ್ಲೇ ಕಾರಣ ಇರುತ್ತದೆ.

ಮೊದಲು: ಕಾಣುವುದು ತಪ್ಪೋ, ನಿಜವಾಗಿ ತಪ್ಪೋ

ಟರ್ಮಿನಲ್‌ನಲ್ಲಿ ಕನ್ನಡ ಬರೆಯುವವರಿಗೆ ಈ ಪರೀಕ್ಷೆ ಬಹಳ ಮುಖ್ಯ. ಟರ್ಮಿನಲ್ ಪರದೆಯನ್ನು ಸಮ ಅಗಲದ ಮನೆಗಳಾಗಿ ಹಂಚಿಕೊಂಡಿರುತ್ತದೆ. ವಿಮ್ ಲೆಕ್ಕದಲ್ಲಿ ‘ಮ’ಕ್ಕೆ ಒಂದು ಮನೆ, ಅದರ ಗುಡಿಸಿಗೆ ಸೊನ್ನೆ ಮನೆ. ಆದರೆ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳು ಒಂದು ಮನೆಗಿಂತ ಅಗಲ. ಒತ್ತಕ್ಷರಗಳನ್ನು ಜೋಡಿಸಲು ಬಾರದ ಟರ್ಮಿನಲ್‌ಗಳೂ ಇವೆ. ಹೀಗಾಗಿ ಕರ್ಸರ್ ಇರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ.

ಪತ್ತೆ ಮಾಡುವುದು ಸುಲಭ. ಕರ್ಸರ್ ತಪ್ಪಾಗಿ ನಿಂತಿದೆ ಎನಿಸಿದ ಜಾಗದಲ್ಲೇ ಒಂದು ನಕ್ಷತ್ರ ಚಿಹ್ನೆ * ಹಾಕಿ. ಕಡತ ಉಳಿಸಿ, ಬ್ರೌಸರ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ತೆರೆದು ನೋಡಿ. ನಕ್ಷತ್ರ ನೀವು ಬಯಸಿದ ಜಾಗದಲ್ಲೇ ಇದ್ದರೆ ನಿಮ್ಮ ಕಮಾಂಡ್ ಸರಿಯಾಗಿದೆ. ದೋಷ ಇರುವುದು ಚಿತ್ರಿಸುವ ಕಡೆ. ಟರ್ಮಿನಲ್ ಬದಲಿಸಿ ನೋಡಿ, ಇಲ್ಲವೇ ಅದೇ ಎಡಿಟರ್‌ನ ಕಿಟಕಿ ಇರುವ ಆವೃತ್ತಿ ಬಳಸಿ. ಕೋಡ್‌ಗೆ ಕೈ ಹಾಕಬೇಡಿ. ಚಿತ್ರಣದ ತಪ್ಪನ್ನು ಕೋಡ್‌ನಲ್ಲಿ ಒಂದು ಕೂಡಿಸಿ ಒಂದು ಕಳೆದು ಮುಚ್ಚಲು ಹೋದರೆ ಸರಿ ಇದ್ದ ಕಡತಗಳೂ ಕೆಡುತ್ತವೆ.

ನಕ್ಷತ್ರ ಬೇರೆ ಕಡೆ ಬಿದ್ದಿದ್ದರೆ ಮುಂದೆ ಓದಿ.

ಒಂದು ಪದ, ನಾಲ್ಕು ಲೆಕ್ಕ

‘ಲಕ್ಷ್ಮಿ’ ಎಂಬ ಪದ ತೆಗೆದುಕೊಳ್ಳಿ. ಓದುವವರಿಗೆ ಇದು ‘ಲ’ ಮತ್ತು ‘ಕ್ಷ್ಮಿ’, ಎರಡು ಅಕ್ಷರ. ಕಂಪ್ಯೂಟರ್‌ನ ಒಳಗೆ ಅದು ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಅಂದರೆ ಯೂನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿರುವ ಏಳು ಬಿಡಿ ಗುರುತು, ಏಳು ಕೋಡ್‌ಪಾಯಿಂಟ್. ಇವನ್ನು ಕಡತದಲ್ಲಿ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ರೀತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೂ 3 ಬೈಟ್ ಬೇಕು. ಒಟ್ಟು 21 ಬೈಟ್. ಯುಟಿಎಫ್-16 ಎಂಬ ಇನ್ನೊಂದು ರೀತಿಯಲ್ಲಿ ಒಂದಕ್ಕೆ ಒಂದೇ ಘಟಕ, ಹಾಗಾಗಿ ಅಲ್ಲಿ 7. ಇನ್ನು ಯೂನಿಕೋಡ್‌ನ ಯಾವ ಕೋಡ್‌ಪಾಯಿಂಟ್‌ಗಳನ್ನು ಒಂದೇ ಅಕ್ಷರವಾಗಿ ಹಿಡಿಯಬೇಕು ಎಂದು ಹೇಳುವ ಗ್ರಾಫೀಮ್ ಗುಂಪಿನ ನಿಯಮ ಹಾಕಿದರೆ ಲ, ಕ್, ಷ್, ಮಿ ಎಂದು ನಾಲ್ಕು ತುಂಡಾಗುತ್ತದೆ.

ಒಂದೇ ಪದದ ಉದ್ದ ಕೇಳಿದರೆ ಗೋ ಮತ್ತು ರಸ್ಟ್ ಭಾಷೆಗಳು 21 ಅನ್ನುತ್ತವೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ 7 ಅನ್ನುತ್ತವೆ. ಸ್ವಿಫ್ಟ್ 4 ಅನ್ನುತ್ತದೆ. ಯಾವುದೂ ಸುಳ್ಳಲ್ಲ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಟ್ಟಾಗ ಮಾತ್ರ ಕರ್ಸರ್ ತಪ್ಪುತ್ತದೆ. ಇಂಗ್ಲಿಷ್‌ನಲ್ಲಿ ಈ ನಾಲ್ಕೂ ಲೆಕ್ಕ ಒಂದೇ ಆಗಿರುವುದರಿಂದ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.

ತಪ್ಪಿದ ದೂರವನ್ನು ಓದುವುದು

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ: ‘ನಮ್ಮ ಊರು ಮೈಸೂರು’. ಕರ್ಸರ್ ‘ಮೈಸೂರು’ ಪದದ ಮೊದಲಲ್ಲಿ ನಿಂತಿದೆ ಎಂದುಕೊಳ್ಳಿ. ಅದರ ಹಿಂದೆ ಎಷ್ಟಿದೆ? ‘ನಮ್ಮ’ ನಾಲ್ಕು ಕೋಡ್‌ಪಾಯಿಂಟ್, ‘ಊರು’ ಮೂರು, ನಡುವೆ ಎರಡು ಖಾಲಿ ಜಾಗ. ಒಟ್ಟು 9 ಕೋಡ್‌ಪಾಯಿಂಟ್. ಬೈಟ್ ಲೆಕ್ಕದಲ್ಲಿ 12, 1, 9, 1 ಕೂಡಿ 23. ಗ್ರಾಫೀಮ್ ಲೆಕ್ಕದಲ್ಲಿ 7. ಇಡೀ ಸಾಲಿನ ಉದ್ದ 15 ಕೋಡ್‌ಪಾಯಿಂಟ್, 41 ಬೈಟ್.

ಕರ್ಸರ್ ಇರುವ ಪದದ ಮೊದಲಿಗೆ ಒಂದು ಉದ್ಧರಣ ಚಿಹ್ನೆ ಹಾಕುವ ಕಮಾಂಡ್ ಇದೆ ಅಂತಿಟ್ಟುಕೊಳ್ಳಿ. ಅದು ಯಾವ ಲೆಕ್ಕವನ್ನು ಯಾವುದಕ್ಕೆ ಬೆರೆಸಿದೆ ಎಂಬುದು ಚಿಹ್ನೆ ಬಿದ್ದ ಜಾಗದಿಂದಲೇ ಗೊತ್ತಾಗುತ್ತದೆ.

ಎಡಿಟರ್ 23 ಎಂಬ ಬೈಟ್ ಸಂಖ್ಯೆ ಕೊಟ್ಟು, ಕಮಾಂಡ್ ಅದನ್ನು ಅಕ್ಷರದ ಸಂಖ್ಯೆ ಎಂದು ತಿಳಿದರೆ? ಸಾಲಿನಲ್ಲಿ ಇರುವುದೇ 15. ಹಾಗಾಗಿ ಕರ್ಸರ್ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ‘ಕನ್ನಡ ಸಾಲಿನಲ್ಲಿ ಯಾವಾಗಲೂ ಕೊನೆಗೇ ಹೋಗುತ್ತದೆ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಖಚಿತ ಮಾಡಿಕೊಳ್ಳಲು ಅದೇ ಸಾಲಿನ ಕೊನೆಗೆ ಇನ್ನೂ ಉದ್ದದ ಪಠ್ಯ ಸೇರಿಸಿ ಮತ್ತೆ ಓಡಿಸಿ. ಕರ್ಸರ್ ಈಗ ಕೊನೆಗೆ ಹೋಗದೆ ಬಲಕ್ಕೆ ದೂರದಲ್ಲಿ, ಇರಬೇಕಾದ ಅಂತರದ ಸುಮಾರು ಮೂರು ಪಟ್ಟಿನಲ್ಲಿ ನಿಂತರೆ ಸಂಶಯವೇ ಬೇಡ.

ತಿರುಗಿಸಿ ನೋಡಿ. ಕಮಾಂಡ್ 9 ಎಂಬ ಕೋಡ್‌ಪಾಯಿಂಟ್ ಸಂಖ್ಯೆಯನ್ನು ಬೈಟ್ ಕೇಳುವ ಕಡೆ ಕೊಟ್ಟರೆ ಚಿಹ್ನೆ ಮೂರು ಕೋಡ್‌ಪಾಯಿಂಟ್ ದಾಟಿ ಬೀಳುತ್ತದೆ: ನಮ್"ಮ. ಅಂದರೆ ಎಡಕ್ಕೆ, ಮೂರನೇ ಒಂದು ಭಾಗದ ದೂರದಲ್ಲಿ. ಗ್ರಾಫೀಮ್‌ನ 7 ಅನ್ನು ಬೈಟ್ ಎಂದು ಕೊಟ್ಟರೆ ಇನ್ನೂ ಕೆಟ್ಟದು. 7 ಮೂರರಿಂದ ಭಾಗವಾಗುವುದಿಲ್ಲ. ಚಿಹ್ನೆ ಹಲಂತದ ಮೂರು ಬೈಟ್‌ಗಳ ನಡುವೆ ತೂರಿಕೊಳ್ಳುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕ ಚೌಕ ಕಾಣುತ್ತದೆ. ವಿಮ್‌ನಲ್ಲಾದರೆ <ಇ0>, <ಬಿ3>, <8ಡಿ> ಎಂಬ ತುಂಡುಗಳು ಕಾಣುತ್ತವೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಇ0, ಎರಡನೆಯದು ಬಿ2 ಅಥವಾ ಬಿ3. ಇವು ಬಿಡಿಬಿಡಿಯಾಗಿ ಕಂಡರೆ ಯಾರೋ ಬೈಟ್ ಎಣಿಕೆಯಲ್ಲಿ ಅಕ್ಷರವನ್ನು ಸೀಳಿದ್ದಾರೆ ಎಂದೇ ಅರ್ಥ. ಇದು ಕರ್ಸರ್ ತೊಂದರೆ ಮಾತ್ರ ಅಲ್ಲ, ಕಡತವೇ ಕೆಟ್ಟಿದೆ. ಮೊದಲು ಅನ್‌ಡೂ ಮಾಡಿ. ಉಳಿಸಿಬಿಟ್ಟಿದ್ದರೆ ವಿಮ್‌ನಲ್ಲಿ 8, ಜಿ, 8 ಎಂದು ಒತ್ತಿ. ಕರ್ಸರ್ ಇರುವಲ್ಲಿಂದ ಮುಂದೆ ಕೆಟ್ಟ ಬೈಟ್ ಎಲ್ಲಿದೆಯೋ ಅಲ್ಲಿಗೆ ಅದು ಕರೆದೊಯ್ಯುತ್ತದೆ. ರಸ್ಟ್‌ನಲ್ಲಿ ಬರೆದ ಪ್ಲಗಿನ್ ಆದರೆ ಕಡತ ಕೆಡುವ ಬದಲು ಪ್ರೋಗ್ರಾಂ ಅಲ್ಲೇ ನಿಂತುಹೋಗಬಹುದು. ಅಕ್ಷರದ ನಡುವೆ ಸ್ಟ್ರಿಂಗ್ ಕತ್ತರಿಸಲು ಆ ಭಾಷೆ ಬಿಡುವುದಿಲ್ಲ. ಈ ವಿಷಯದಲ್ಲಿ ನನಗೆ ಆ ಕಟ್ಟುನಿಟ್ಟೇ ಇಷ್ಟ.

ಮೂರನೆಯ ಬೆರಕೆ ಗ್ರಾಫೀಮ್ ಮತ್ತು ಕೋಡ್‌ಪಾಯಿಂಟ್ ನಡುವಿನದು. 7 ಅನ್ನು ಕೋಡ್‌ಪಾಯಿಂಟ್ ಎಂದು ತಿಳಿದರೆ ಚಿಹ್ನೆ ‘ಊರು’ವಿನ ರ ಮತ್ತು ಅದರ ಕೊಂಬಿನ ನಡುವೆ ಬೀಳುತ್ತದೆ. ಆಸರೆ ಕಳೆದುಕೊಂಡ ಕೊಂಬು ಚುಕ್ಕಿಗಳ ವೃತ್ತದ ಮೇಲೆ ಕೂತು ಕಾಣುತ್ತದೆ. ಚುಕ್ಕಿ ವೃತ್ತ ಕಂಡರೆ ಬೈಟ್ ಕಡೆ ಹುಡುಕಿ ಸಮಯ ಹಾಳು ಮಾಡಬೇಡಿ. ಯಾರೋ ಗುಂಪಿನ ಲೆಕ್ಕ ಮತ್ತು ಕೋಡ್‌ಪಾಯಿಂಟ್ ಲೆಕ್ಕ ಬೆರೆಸಿದ್ದಾರೆ, ಇಲ್ಲವೇ ಗುಂಪಿನ ನಡುವೆ ಸೇರಿಸಿದ್ದಾರೆ.

ಕನ್ನಡ ಪದಗಳಲ್ಲಿ ಎಲ್ಲ ಸರಿ, ಆದರೆ ಸಾಲಿನಲ್ಲಿ ಮೊದಲೇ ಒಂದು ನಗುಮುಖದ ಇಮೋಜಿ ಇದ್ದರೆ ಮಾತ್ರ ಕರ್ಸರ್ ಒಂದು ಹೆಜ್ಜೆ ತಪ್ಪುತ್ತದೆ ಅಂದರೆ ಅದು ಯುಟಿಎಫ್-16 ಮತ್ತು ಕೋಡ್‌ಪಾಯಿಂಟ್ ಬೆರಕೆ. ಸಾಧಾರಣ ನಗುಮುಖ ಒಂದೇ ಕೋಡ್‌ಪಾಯಿಂಟ್, ಯುಟಿಎಫ್-16ರಲ್ಲಿ 2 ಘಟಕ, ಯುಟಿಎಫ್-8ರಲ್ಲಿ 4 ಬೈಟ್. ಕನ್ನಡದಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಹಾಗಾಗಿ ಪರೀಕ್ಷೆಯ ಸಾಲಿನಲ್ಲಿ ಕನ್ನಡದ ಜೊತೆ ಒಂದು ಇಮೋಜಿ ಇರಲೇಬೇಕು.

ಇಂಗ್ಲಿಷ್ ಸಾಲಿನಲ್ಲೂ ಸರಿಯಾಗಿ ಒಂದೇ ಹೆಜ್ಜೆ ತಪ್ಪುತ್ತಿದ್ದರೆ ಅಕ್ಷರಗಳ ಗೊಡವೆ ಬಿಡಿ. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂದು ನೋಡಿ. ವಿಮ್‌ನ ಕಾಲ್ ಫಂಕ್ಷನ್ 1ರಿಂದ ಎಣಿಸುತ್ತದೆ. ನಿಯೋವಿಮ್‌ನ ಎಪಿಐನಲ್ಲಿ ಕರ್ಸರ್ ಇಡುವಾಗ ಸಾಲು 1ರಿಂದ, ಅಂಕಣ 0ಯಿಂದ. ಎಡಿಟರ್‌ಗೆ ಕೋಡ್‌ನ ಅರ್ಥ ಹೇಳಿಕೊಡುವ ಲ್ಯಾಂಗ್ವೇಜ್ ಸರ್ವರ್‌ಗಳಿಗೆ ಎರಡೂ 0ಯಿಂದ. ಈಮ್ಯಾಕ್ಸ್‌ನಲ್ಲಿ ಪಾಯಿಂಟ್ (ಕರ್ಸರ್ ಇರುವ ಜಾಗ) 1ರಿಂದ, ಅಂಕಣ 0ಯಿಂದ. ಗೊಂದಲ ಆಗದೇ ಇರುತ್ತದಾ?

ವಿಮ್‌ನಲ್ಲೇ ಇನ್ನೊಂದು ಒಂದು ಹೆಜ್ಜೆಯ ತಪ್ಪಿದೆ. ಕಮಾಂಡ್ ಓಡಿಸಿದಾಗೆಲ್ಲ ಕರ್ಸರ್ ಒಂದೊಂದೇ ಎಡಕ್ಕೆ ತೆವಳುತ್ತದೆ. ಇನ್ಸರ್ಟ್ ಮೋಡ್‌ನಿಂದ ಹೊರಗೆ ಬರುವಾಗ ವಿಮ್ ಕರ್ಸರನ್ನು ಒಂದು ಎಡಕ್ಕೆ ತರುತ್ತದೆ. ಅದು ಬಗ್ ಅಲ್ಲ, ಅದರ ರೀತಿ. ಮ್ಯಾಪಿಂಗ್‌ನ ಕೊನೆಗೆ ಬ್ಯಾಕ್‌ಟಿಕ್ ಮತ್ತು ^ ಸೇರಿಸಿದರೆ ಇನ್ಸರ್ಟ್ ಮೋಡ್ ಬಿಟ್ಟ ಜಾಗಕ್ಕೇ ಮರಳುತ್ತದೆ.

ಅಳತೆಗೆ ಕೈಗೆ ಸಿಗುವ ಸಾಧನಗಳು

ವಿಮ್‌ನಲ್ಲಿ ರೂಲರ್ ಹಾಕಿಕೊಳ್ಳಿ. ಮೇಲಿನ ಸಾಲಿನಲ್ಲಿ ‘ಮೈಸೂರು’ ಮೇಲೆ ನಿಂತರೆ ಅದು 24-8 ಎಂದು ತೋರಿಸುತ್ತದೆ. ಮೊದಲನೆಯದು ಬೈಟ್ ಅಂಕಣ, ಎರಡನೆಯದು ಪರದೆಯ ಅಂಕಣ. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದ ಮೇಲೆ ಬೈಟ್ ಲೆಕ್ಕವನ್ನು ಯಾರೂ ಮರೆಯುವುದಿಲ್ಲ. ಜಿ ಎ ಒತ್ತಿದರೆ ಕರ್ಸರ್ ಕೆಳಗಿನ ಕೋಡ್‌ಪಾಯಿಂಟ್‌ಗಳು, ಜಿ 8 ಒತ್ತಿದರೆ ಬೈಟ್‌ಗಳು ಕಾಣುತ್ತವೆ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, = ಒತ್ತಿ. ಆ ಅಕ್ಷರದ ಪೂರ್ತಿ ವಿವರ ಬರುತ್ತದೆ. ಅದು ಯಾವುದರ ಜೊತೆ ಕೂಡಿಕೊಂಡಿದೆ ಎಂಬುದೂ ಅಲ್ಲೇ ಇರುತ್ತದೆ.

ಸರಿಪಡಿಸುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ನಿಮ್ಮ ಕೋಡ್‌ನ ಒಳಗೆ ಒಂದೇ ಲೆಕ್ಕ ಇರಲಿ. ಹೊರಗಿನಿಂದ ಸಂಖ್ಯೆ ಬರುವ ಬಾಗಿಲಲ್ಲಿ ಬದಲಾಯಿಸಿ, ಹೊರಗೆ ಹೋಗುವ ಬಾಗಿಲಲ್ಲಿ ಮತ್ತೆ ಬದಲಾಯಿಸಿ. ನಡುವೆ ಎಲ್ಲೂ ಬದಲಾಯಿಸಬೇಡಿ. ವೇರಿಯಬಲ್‌ಗೆ ಬರೀ ‘ಅಂಕಣ’ ಎಂದು ಹೆಸರಿಡಬೇಡಿ. ‘ಬೈಟ್ ಅಂಕಣ’, ‘ಅಕ್ಷರ ಅಂಕಣ’ ಎಂದೇ ಇಡಿ. ವಿಮ್‌ಸ್ಕ್ರಿಪ್ಟ್‌ನಲ್ಲಿ ಕಾಲ್ ಮತ್ತು ಕರ್ಸರ್ ಫಂಕ್ಷನ್‌ಗಳು ಬೈಟ್ ಎಣಿಸುತ್ತವೆ. ಚಾರ್‌ಕಾಲ್ ಮತ್ತು ಸೆಟ್‌ಕರ್ಸರ್‌ಚಾರ್‌ಪೋಸ್ ಅಕ್ಷರ ಎಣಿಸುತ್ತವೆ. ಜೋಡಿ ಬೆರೆಸದಿದ್ದರೆ ಸಾಕು.

ಲ್ಯಾಂಗ್ವೇಜ್ ಸರ್ವರ್ ಜೊತೆ ಮಾತಾಡುವ ಪ್ಲಗಿನ್ ಆದರೆ ಅದರ ಪ್ರೋಟೋಕಾಲ್ ನೋಡಿ. ಅಲ್ಲಿ ಸ್ಥಾನಗಳನ್ನು ಹೇಳುವುದು ಯುಟಿಎಫ್-16 ಘಟಕಗಳಲ್ಲಿ. 2022ರ 3.17ನೇ ಆವೃತ್ತಿಯಿಂದ ಸರ್ವರ್ ಮತ್ತು ಎಡಿಟರ್ ಮೊದಲೇ ಮಾತಾಡಿಕೊಂಡು ಯುಟಿಎಫ್-8 ಅಥವಾ ಯುಟಿಎಫ್-32 ಬಳಸಬಹುದು. ಇಬ್ಬರಲ್ಲಿ ಒಬ್ಬರು ಒಪ್ಪಿದ್ದನ್ನು ಪಾಲಿಸದಿದ್ದರೆ ಕನ್ನಡ ಕಾಮೆಂಟ್ ಇರುವ ಸಾಲುಗಳಲ್ಲಿ ಮಾತ್ರ ‘ಹೆಸರು ಬದಲಿಸು’ ಕಮಾಂಡ್ ತಪ್ಪು ಜಾಗ ಕತ್ತರಿಸುತ್ತದೆ. ಶುರುವಿನ ಮಾತುಕತೆಯ ಲಾಗ್ ತೆಗೆದು ಯಾವ ಲೆಕ್ಕಕ್ಕೆ ಒಪ್ಪಿಗೆ ಆಗಿದೆ ಎಂದು ನೋಡಿ.

ಪದದ ಗಡಿ ತಪ್ಪುವುದು

ಸಂಖ್ಯೆಗಳೆಲ್ಲ ಸರಿ ಇವೆ, ಆದರೂ ‘ಮೈಸೂರು’ ಮೇಲೆ ಕಮಾಂಡ್ ಓಡಿಸಿದರೆ ‘ಮ’ ಒಂದೇ ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಇಲ್ಲಿ ದೋಷ ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನದು. ಪದದ ಅಕ್ಷರ ಹಿಡಿಯಲು ಎಲ್ಲರೂ ಬಳಸುವ ಆ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಗುರುತು ಜಾವಾಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳನ್ನು ಬಿಟ್ಟು ಇನ್ನೇನನ್ನೂ ಹಿಡಿಯುವುದಿಲ್ಲ. ವಿಮ್‌ನಲ್ಲೂ ಹಾಗೆಯೇ. ಪೈಥಾನ್‌ನ ಜೊತೆ ಬರುವ ಆರ್‌ಇ ಮಾಡ್ಯೂಲ್‌ನಲ್ಲಿ ಅದು ಕನ್ನಡ ವ್ಯಂಜನ, ಸ್ವರಗಳನ್ನು ಹಿಡಿಯುತ್ತದೆ. ಹಲಂತ, ಗುಡಿಸು, ಕೊಂಬುಗಳನ್ನು ಬಿಡುತ್ತದೆ. ‘ಕನ್ನಡ’ ಎಂಬ ಪದವೇ ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗುತ್ತದೆ.

ಇದಕ್ಕೆ ಪರಿಹಾರ: ಅಕ್ಷರಗಳ ವರ್ಗದ ಜೊತೆ ಗುರುತುಗಳ ವರ್ಗವನ್ನೂ ಸೇರಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ಯು ಫ್ಲ್ಯಾಗ್ ಹಾಕಿದರೆ ಯೂನಿಕೋಡ್‌ನ ಎಲ್ (ಅಕ್ಷರ) ಮತ್ತು ಎಂ (ಗುರುತು) ವರ್ಗಗಳು ಸಿಗುತ್ತವೆ. ಅವೆರಡರ ಜೊತೆ, ಅಕ್ಷರಗಳು ಹೇಗೆ ಕೂಡಬೇಕು ಎಂದು ಹೇಳುವ, ಕಣ್ಣಿಗೆ ಕಾಣದ ಜೋಡುಗುರುತುಗಳಾದ ಜೆಡ್‌ಡಬ್ಲ್ಯುಜೆ, ಜೆಡ್‌ಡಬ್ಲ್ಯುಎನ್‌ಜೆಗಳನ್ನೂ ಸೇರಿಸಲೇಬೇಕು. ವಿಮ್‌ನಲ್ಲಿ ಬ್ಯಾಕ್‌ಸ್ಲ್ಯಾಶ್-ಕೆ ಬಳಸಿ. ಅದು ಕೀವರ್ಡ್ ಅಕ್ಷರಗಳನ್ನು ಹಿಡಿಯುತ್ತದೆ, ಕನ್ನಡವೂ ಅದರಲ್ಲಿ ಬರುತ್ತದೆ.

ಅಳಿಸುವ ಕೀಲಿಗಳು

ಇದು ಎಲ್ಲರಿಗೂ ತಲೆನೋವು ಕೊಡುವ ಭಾಗ. ಮೊದಲೇ ಒಂದು ಮಾತು: ಬ್ಯಾಕ್‌ಸ್ಪೇಸ್ ಒಂದು ಕೋಡ್‌ಪಾಯಿಂಟ್ ಅಳಿಸಿ, ಡಿಲೀಟ್ ಇಡೀ ಗುಂಪು ಅಳಿಸಿದರೆ ಅದು ದೋಷವಲ್ಲ. ಎಷ್ಟೋ ವ್ಯವಸ್ಥೆಗಳಲ್ಲಿ ಬೇಕೆಂದೇ ಹಾಗೆ ಇಟ್ಟಿದ್ದಾರೆ. ನಾವು ಬೆರಳಚ್ಚು ಮಾಡುವಾಗ ‘ಮಿ’ ಹೊಡೆದು ‘ಮೀ’ ಬೇಕಿತ್ತು ಎನಿಸಿದರೆ ಗುಡಿಸು ಮಾತ್ರ ಹೋಗಬೇಕು, ಅಲ್ವಾ? ‘ಅಕ್ಕ’ದ ಮೇಲೆ ಬ್ಯಾಕ್‌ಸ್ಪೇಸ್ ಒತ್ತುತ್ತಾ ಹೋದರೆ ‘ಅಕ್’, ಆಮೇಲೆ ‘ಅಕ’, ಆಮೇಲೆ ‘ಅ’. ಹೊಡೆದ ಕ್ರಮದಲ್ಲೇ ಹಿಂದೆ ಬರುತ್ತದೆ. ಕನ್ನಡ ಬರೆಯುವವರಿಗೆ ಇದೇ ಅನುಕೂಲ.

ವಿಮ್‌ನಲ್ಲಿ ಮೊದಲಿನಿಂದ ಇರುವುದು ಇದರ ಉಲ್ಟಾ. ಬ್ಯಾಕ್‌ಸ್ಪೇಸ್ ಒತ್ತಿದರೂ ಎಕ್ಸ್ ಒತ್ತಿದರೂ ಮೂಲಾಕ್ಷರ, ಗುಣಿತ ಎಲ್ಲ ಒಟ್ಟಿಗೇ ಹೋಗುತ್ತದೆ. ಡೆಲ್‌ಕಂಬೈನ್ ಎಂಬ ಆಯ್ಕೆ ಹಾಕಿ. ಆಗ ಗುರುತುಗಳು ಒಂದೊಂದಾಗಿ ಅಳಿಯುತ್ತವೆ. ಕನ್ನಡ ಬರೆಯುವ ಪ್ರತಿಯೊಬ್ಬ ವಿಮ್ ಬಳಕೆದಾರರೂ ಇದನ್ನು ಹಾಕಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಎಚ್ಚರಿಕೆ ಇದೆ. ಇದು ಹಾಕಿದ ಮೇಲೆ ಎಕ್ಸ್ ಅನ್ನು ಎರಡು ಸಲ ಒತ್ತುವುದೂ 2 ಎಕ್ಸ್ ಎಂದು ಒತ್ತುವುದೂ ಒಂದೇ ಆಗದಿರಬಹುದು. ವಿಮ್‌ನ ಸಹಾಯ ಪುಟವೇ ಇದನ್ನು ಹೇಳುತ್ತದೆ. ಹಳೆಯ ಮ್ಯಾಕ್ರೋಗಳನ್ನು ಒಮ್ಮೆ ಪರೀಕ್ಷಿಸಿ.

ಈಮ್ಯಾಕ್ಸ್ 29.1ರಿಂದ ಡಿಲೀಟ್ ಕೀಲಿ ಕೂಡಿಕೊಂಡ ಗುಂಪನ್ನು ಇಡಿಯಾಗಿ ಅಳಿಸುತ್ತದೆ. ಕಂಟ್ರೋಲ್-ಡಿ ಮೊದಲಿನಂತೆ ಒಂದೇ ಕೋಡ್‌ಪಾಯಿಂಟ್ ಅಳಿಸುತ್ತದೆ. ನಿಮ್ಮ ಕಮಾಂಡ್‌ಗೆ ಯಾವುದು ಬೇಕೋ ಆಯ್ದು ಕರೆಯಿರಿ. ಅದೇ ಆವೃತ್ತಿಯಲ್ಲಿ ಕಂಪೊಸಿಶನ್-ಬ್ರೇಕ್-ಅಟ್-ಪಾಯಿಂಟ್ ಎಂಬ ಆಯ್ಕೆಯೂ ಬಂದಿದೆ. ಹಾಕಿದರೆ ಕರ್ಸರ್ ಇರುವ ಜಾಗದಲ್ಲಿ ಕೂಡಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ‘ಕ್ಷ್ಮಿ’ಯ ನಡುವೆ ಒಂದು ತಪ್ಪು ಹಲಂತ ಹುಡುಕುವಾಗ ಇದರಷ್ಟು ಉಪಕಾರ ಮಾಡುವುದು ಇನ್ನೊಂದಿಲ್ಲ.

ಬಾಣದ ಕೀಲಿ ಒಂದು ಎಡಿಟರ್‌ನಲ್ಲಿ ‘ಕ್ಷ’ವನ್ನು ಒಂದೇ ಹೆಜ್ಜೆಗೆ ದಾಟಿ, ಇನ್ನೊಂದರಲ್ಲಿ ಎರಡು ಹೆಜ್ಜೆ ತೆಗೆದುಕೊಳ್ಳುವುದೇಕೆ? ಈಮ್ಯಾಕ್ಸ್ ಅಕ್ಷರಗಳು ಪರದೆಯ ಮೇಲೆ ಕೂಡಿಕೊಂಡಿದ್ದನ್ನು ನೋಡುತ್ತದೆ. ಬೇರೆ ಹಲವು ಯೂನಿಕೋಡ್‌ನ ಗುಂಪಿನ ನಿಯಮ ನೋಡುತ್ತವೆ. ಆ ನಿಯಮದಲ್ಲಿ ಬಹಳ ಕಾಲ ಹಲಂತದ ನಂತರ ಗುಂಪು ಮುರಿಯುತ್ತಿತ್ತು. 2023ರ ಯೂನಿಕೋಡ್ 15.1ರಲ್ಲಿ ಜಿಬಿ9ಸಿ ಎಂಬ ಹೊಸ ನಿಯಮ ಬಂತು. ಹಲಂತದಿಂದ ಕೂಡಿದ ವ್ಯಂಜನಗಳನ್ನು ಅದು ಒಂದೇ ಗುಂಪಾಗಿ ಹಿಡಿಯುತ್ತದೆ. ಆದರೆ ಆ ಆವೃತ್ತಿಯಲ್ಲಿ ಅದು ಅನ್ವಯವಾಗಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡದ ಹಲಂತ ಆ ಪಟ್ಟಿಯಲ್ಲಿ ಇಲ್ಲ. ಪಕ್ಕದ ತೆಲುಗಿನಲ್ಲಿ ಒಂದೇ ಹೆಜ್ಜೆಗೆ ದಾಟುವ ಕರ್ಸರ್ ನಮ್ಮಲ್ಲಿ ಎರಡು ಹೆಜ್ಜೆ ಇಡುವುದು ಈ ಕಾರಣಕ್ಕೂ ಇರಬಹುದು. ನಿಮ್ಮ ಪ್ಲಗಿನ್ ತೆಲುಗಿನಲ್ಲಿ ಸರಿ, ಕನ್ನಡದಲ್ಲಿ ಬೇರೆ ಅಂದರೆ ನಿಮ್ಮ ಕೋಡ್‌ಗಿಂತ ಮೊದಲು ಅದು ಬಳಸುವ ಲೈಬ್ರರಿಯ ಯೂನಿಕೋಡ್ ಆವೃತ್ತಿ ನೋಡಿ. ನಿಮ್ಮ ಬಳಕೆದಾರರಿಗೆ ಒತ್ತಕ್ಷರ ಇಡಿಯಾಗಿ ದಾಟಬೇಕು ಅಂದರೆ ಹಲಂತದ ಮುಂದೆ ವ್ಯಂಜನ ಬಂದಾಗ ಮುರಿಯಬೇಡ ಎಂಬ ಸಾಲನ್ನು ನೀವೇ ಸೇರಿಸಬಹುದು. ಭಾಷೆಗೆ ತಕ್ಕಂತೆ ತಿದ್ದಿಕೊಳ್ಳಲು ಯೂನಿಕೋಡ್ ಅವಕಾಶ ಕೊಟ್ಟಿದೆ.

ಹಾಗೆ ಸೇರಿಸುವುದಕ್ಕೆ ಅರ್ಕಾವತ್ತು ಒಳ್ಳೆಯ ಕಾರಣ. ‘ಸೂರ್ಯ’ ನೋಡಿ. ಕಡತದಲ್ಲಿ ಕ್ರಮ ಸ, ದೀರ್ಘದ ಕೊಂಬು, ರ, ಹಲಂತ, ಯ. ಪರದೆಯ ಮೇಲೆ ‘ಯ’ ಮೊದಲು ಬರುತ್ತದೆ, ಅರ್ಕಾವತ್ತು ಅದರ ಬಲಕ್ಕೆ. ಎರಡೂ ಕ್ರಮ ಉಲ್ಟಾ. ರ್ ಮತ್ತು ಯ ನಡುವೆ ಕರ್ಸರ್ ನಿಲ್ಲಲು ಬಿಟ್ಟರೆ ಅದನ್ನು ಎಲ್ಲಿ ಬರೆದು ತೋರಿಸುವುದು? ಯಾವ ಜಾಗವೂ ಸರಿಯಲ್ಲ. ಅಲ್ಲಿ ನಿಂತು ‘ಮುಂದಿನ ಅಕ್ಷರ ಅಳಿಸು’ ಅಂದರೆ ಅರ್ಕಾವತ್ತಿನ ಎಡಕ್ಕೆ ಕಾಣುವ ‘ಯ’ ಹೋಗುತ್ತದೆ. ಉಳಿದಿದ್ದು ‘ಸೂರ್’. ಬಳಕೆದಾರರು ‘ಕರ್ಸರ್ ಹಿಂದಿನದನ್ನು ಅಳಿಸಿತು’ ಎಂದು ದೂರುವುದು ನ್ಯಾಯವೇ. ಕಮಾಂಡ್ ಲೆಕ್ಕದ ಪ್ರಕಾರ ಸರಿ ಇದ್ದರೂ ಕರ್ಸರ್ ನಿಲ್ಲಬಾರದ ಜಾಗದಲ್ಲಿ ನಿಂತಿತ್ತು.

ಕಾಣದ ಅಕ್ಷರ, ಬಿಡಿಸಿಟ್ಟ ಅಕ್ಷರ

ಬಾಣದ ಕೀಲಿ ಒತ್ತಿದರೂ ಕರ್ಸರ್ ಒಮ್ಮೆ ಕದಲುವುದೇ ಇಲ್ಲ, ಎರಡನೇ ಸಲ ಒತ್ತಿದಾಗ ಮುಂದೆ ಹೋಗುತ್ತದೆ ಅಂದರೆ ಅಲ್ಲಿ ಕಾಣದ ಜೋಡುಗುರುತು ಇದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಟ್ ಮತ್ತು ವೇ ಕೂಡಿ ಒತ್ತಾಗದಂತೆ ತಡೆಯಲು ಜೆಡ್‌ಡಬ್ಲ್ಯುಎನ್‌ಜೆ ಇರುತ್ತದೆ. ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಬಾರದಂತೆ ರ ಆದಮೇಲೆ ಜೆಡ್‌ಡಬ್ಲ್ಯುಜೆ ಇರುತ್ತದೆ. ವಿಮ್ ಮೊದಲನೆಯದನ್ನು ಸಾಮಾನ್ಯವಾಗಿ <200ಸಿ> ಎಂದು ಬರೆದು ತೋರಿಸುತ್ತದೆ. ಅದನ್ನು ಪದದ ಭಾಗ ಎಂದು ಎಣಿಸುವುದಿಲ್ಲವಾದ್ದರಿಂದ ಪದ ಅಳಿಸುವ ಕಮಾಂಡ್ ‘ಸಾಫ್ಟ್’ ಅಳಿಸಿ ನಿಲ್ಲುತ್ತದೆ. ಈ ಗುರುತುಗಳನ್ನು ಕಸ ಎಂದು ತಿಳಿದು ಗುಡಿಸಿ ಹಾಕುವ ‘ಸ್ವಚ್ಛಗೊಳಿಸು’ ಕಮಾಂಡ್‌ಗಳಿವೆ. ದಯವಿಟ್ಟು ಅವನ್ನು ಕನ್ನಡ ಕಡತದ ಮೇಲೆ ಓಡಿಸಬೇಡಿ. ಕಾಗುಣಿತವೇ ಕೆಡುತ್ತದೆ.

ಇನ್ನೊಂದು ಅಪರೂಪದ, ಆದರೆ ಬಹಳ ಕಾಡುವ ದೋಷ. ಒಂದೇ ಥರ ಕಾಣುವ ಎರಡು ‘ಕೋ’ಗಳಲ್ಲಿ ಒಂದು 2 ಕೋಡ್‌ಪಾಯಿಂಟ್, ಇನ್ನೊಂದು 4. ಯೂನಿಕೋಡ್‌ನಲ್ಲಿ ಓತ್ವಕ್ಕೆ ಒಂದೇ ಸಂಕೇತವೂ ಇದೆ, ಎತ್ವ, ದೀರ್ಘದ ಕೊಂಬು, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿದ ರೂಪವೂ ಇದೆ. ಕೀ, ಕೇ, ಕೈ, ಕೊಗಳಿಗೂ ಹೀಗೆ ಎರಡು ರೂಪ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ನಕಲು ಮಾಡಿ ತಂದ ಪಠ್ಯದಲ್ಲಿ ಇದು ಸಿಗುತ್ತದೆ. ಕಮಾಂಡ್ ನಡುವೆ ಎಲ್ಲೋ ಪಠ್ಯವನ್ನು ಕೂಡಿಸಿದ ರೂಪಕ್ಕೆ ತಂದು, ಹಳೆಯ ರೂಪದಲ್ಲಿ ಎಣಿಸಿದ ಸಂಖ್ಯೆಯನ್ನೇ ಬಳಸಿದರೆ ಓತ್ವ, ಏತ್ವಗಳು ಬಂದ ಹಾಗೆಲ್ಲ ಕರ್ಸರ್ ಬಲಕ್ಕೆ ಜಾರುತ್ತಾ ಹೋಗುತ್ತದೆ. ತಪ್ಪು ಸಾಲಿನ ಉದ್ದಕ್ಕೂ ಬೆಳೆಯುತ್ತಾ ಹೋಗುತ್ತಿದ್ದರೆ, ಅದೂ ಮೂರು ಪಟ್ಟಿನ ಲೆಕ್ಕಕ್ಕೆ ಹೊಂದದಿದ್ದರೆ, ಇಲ್ಲಿ ಹುಡುಕಿ. ರೂಪ ಬದಲಿಸಿದ ಮೇಲೆ ಮತ್ತೆ ಎಣಿಸಿ, ಅಷ್ಟೇ.

ಪಠ್ಯ ಬದಲಾದ ಮೇಲೆ ಹಾರುವ ಕರ್ಸರ್

ಇನ್ನು ಮುಂದಿನವು ಕನ್ನಡಕ್ಕೆ ಮಾತ್ರ ಸೇರಿದವಲ್ಲ. ಇಂಗ್ಲಿಷ್ ಸಾಲಿನಲ್ಲೂ ಬರುತ್ತವೆ.

ಉಳಿಸುವಾಗ ಕಡತವನ್ನು ಒಪ್ಪವಾಗಿ ಜೋಡಿಸುವ ಕಮಾಂಡ್ ಓಡಿದ ಮೇಲೆ ಕರ್ಸರ್ ಕಡತದ ಮೊದಲಿಗೋ ಕೊನೆಗೋ ಹೋಗುತ್ತದೆಯೇ? ಇಡೀ ಪಠ್ಯವನ್ನು ಅಳಿಸಿ ಹೊಸದಾಗಿ ತುಂಬಿದ್ದಾರೆ. ಈಮ್ಯಾಕ್ಸ್‌ನಲ್ಲಿ ಕರ್ಸರ್ ಜಾಗ ಕಾಪಾಡುವ ಸೇವ್-ಎಕ್ಸ್‌ಕರ್ಷನ್ ಹಾಕಿದ್ದೇನಲ್ಲ, ಆದರೂ ಹೀಗೇಕೆ ಎಂದು ಬಹಳ ಜನ ಕೇಳುತ್ತಾರೆ. ಅದು ಜಾಗವನ್ನು ಪಠ್ಯದ ಜೊತೆ ಸರಿಯುವ ಗುರುತಾಗಿ, ಅಂದರೆ ಮಾರ್ಕರ್ ಆಗಿ ನೆನಪಿಡುತ್ತದೆ. ಸುತ್ತಲಿನ ಪಠ್ಯ ಅಳಿದಾಗ ಮಾರ್ಕರ್ ಅಳಿದ ಭಾಗದ ಮೊದಲಿಗೆ ಕುಸಿಯುತ್ತದೆ. ಪಠ್ಯ ಮರಳಿ ಬಂದರೂ ಮಾರ್ಕರ್ ಮರಳುವುದಿಲ್ಲ. ಬದಲಿಗೆ 26.1ರಲ್ಲಿ ಬಂದ ರಿಪ್ಲೇಸ್-ಬಫರ್-ಕಂಟೆಂಟ್ಸ್ ಬಳಸಿ. ಅದು ಎರಡನ್ನೂ ಹೋಲಿಸಿ ಬದಲಾದ ಭಾಗವನ್ನಷ್ಟೇ ಮುಟ್ಟಲು ನೋಡುತ್ತದೆ. ಬೇರೆ ಎಡಿಟರ್‌ಗಳಲ್ಲೂ ತತ್ವ ಇದೇ: ಬದಲಾದಷ್ಟನ್ನೇ ಬದಲಿಸಿ.

ಒಂದೇ ಕಮಾಂಡ್ ಹಲವು ಕಡೆ ತಿದ್ದುತ್ತಿದ್ದು, ಮೊದಲನೆಯದು ಸರಿ, ನಂತರದವು ಹೆಚ್ಚು ಹೆಚ್ಚು ತಪ್ಪು ಅಂದರೆ ಹಳೆಯ ಸಂಖ್ಯೆಗಳನ್ನು ಬಳಸುತ್ತಿದ್ದೀರಿ. ಕೆಳಗಿನಿಂದ ಮೇಲಕ್ಕೆ ತಿದ್ದಿಕೊಂಡು ಬನ್ನಿ. ಆಗ ಮೇಲಿನ ಸಂಖ್ಯೆಗಳು ಕೆಡುವುದಿಲ್ಲ. ಹಲವು ಕರ್ಸರ್‌ಗಳಿರುವಾಗಲೂ ಹೀಗೆಯೇ.

ಕರ್ಸರ್ ನಿಂತ ಜಾಗದಲ್ಲೇ ಸೇರಿಸಿದಾಗ ಅದು ಸೇರಿಸಿದ್ದರ ಹಿಂದೆ ಉಳಿಯಬೇಕೋ ಮುಂದೆ ಹೋಗಬೇಕೋ? ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ಎಡಿಟರ್ ತನ್ನಿಷ್ಟದಂತೆ ಮಾಡುತ್ತದೆ. ಈಮ್ಯಾಕ್ಸ್‌ನ ಮಾರ್ಕರ್ ತಾನಾಗಿ ಹಿಂದೆ ಉಳಿಯುತ್ತದೆ, ಅದೇ ಬಗೆಯ ಗುರುತಾದ ನಿಯೋವಿಮ್‌ನ ಎಕ್ಸ್‌ಟ್‌ಮಾರ್ಕ್ ತಾನಾಗಿ ಬಲಕ್ಕೆ ಸರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ತಂದಾಗ ತಪ್ಪುವುದು ಇಲ್ಲೇ.

ಕಮಾಂಡ್ ಮುಗಿದಾಗ ಕರ್ಸರ್ ಸರಿ ಇದೆ, ಆದರೆ ಮುಂದೆ ಕೆಳಗಿನ ಬಾಣ ಒತ್ತಿದ ಕೂಡಲೇ ಯಾವುದೋ ಅಂಕಣಕ್ಕೆ ಹಾರುತ್ತದೆ. ಎಡಿಟರ್‌ಗಳು ಮೇಲೆ ಕೆಳಗೆ ಹೋಗುವಾಗ ಗುರಿಯ ಅಂಕಣವೊಂದನ್ನು ನೆನಪಿಡುತ್ತವೆ. ಚಿಕ್ಕ ಸಾಲು ದಾಟಿ ಉದ್ದ ಸಾಲಿಗೆ ಬಂದಾಗ ಹಳೆಯ ಅಂಕಣಕ್ಕೆ ಮರಳುವುದು ಅದರಿಂದಲೇ. ವಿಮ್‌ನಲ್ಲಿ ನೋಟವನ್ನು ಉಳಿಸಿ ಮರಳಿಸುವ ವಿನ್‌ಸೇವ್‌ವ್ಯೂ, ವಿನ್‌ರಿಸ್ಟೋರ್‌ವ್ಯೂ ಜೋಡಿ ಈ ನೆನಪನ್ನೂ ಕಾಪಾಡುತ್ತದೆ. ಈಮ್ಯಾಕ್ಸ್‌ನಲ್ಲಿ ಹಿಂದಿನ ಕಮಾಂಡ್ ನೆಕ್ಸ್ಟ್-ಲೈನ್ ಅಥವಾ ಪ್ರೀವಿಯಸ್-ಲೈನ್ ಆಗಿದ್ದರೆ ಮಾತ್ರ ನೆನಪು ಉಳಿಯುತ್ತದೆ. ಅವನ್ನು ನಿಮ್ಮ ಕಮಾಂಡ್‌ನೊಳಗೆ ಸುತ್ತಿದ್ದರೆ ದಿಸ್-ಕಮಾಂಡ್ ಎಂಬ ವೇರಿಯಬಲ್‌ಗೆ ನೆಕ್ಸ್ಟ್-ಲೈನ್ ಎಂದು ತುಂಬಿ.

ಈಮ್ಯಾಕ್ಸ್‌ನಲ್ಲಿ ಬೇರೆ ಕಿಟಕಿಯ ಬಫರ್‌ನಲ್ಲಿ (ತೆರೆದಿಟ್ಟ ಪಠ್ಯದಲ್ಲಿ) ಕರ್ಸರ್ ಕದಲಿಸಿದರೂ ಪರದೆಯಲ್ಲಿ ಕದಲದಿದ್ದರೆ ಸೆಟ್-ವಿಂಡೋ-ಪಾಯಿಂಟ್ ಕರೆಯಿರಿ. ಬಫರ್‌ಗೊಂದು ಜಾಗ, ಅದನ್ನು ತೋರಿಸುವ ಪ್ರತಿ ಕಿಟಕಿಗೂ ಒಂದು ಜಾಗ ಇರುತ್ತದೆ.

ಹೊಡೆಯುವಾಗ ಮಾತ್ರ ತಪ್ಪಿದರೆ

ಪೇಸ್ಟ್ ಮಾಡಿದ ಕನ್ನಡದಲ್ಲಿ ಎಲ್ಲ ಸರಿ, ಕೀಲಿಮಣೆಯಿಂದ ಹೊಡೆದಾಗ ಅಕ್ಷರ ಎರಡೆರಡು ಬೀಳುತ್ತದೆ, ಕರ್ಸರ್ ಹಿಂದೆ ಹಾರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವ ಇನ್‌ಪುಟ್ ಮೆಥಡ್ ಬಳಸುವವರಿಗೆ ಇದು ಜಾಸ್ತಿ. ಅಕ್ಷರ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಆಟೋ-ಕಂಪ್ಲೀಟ್ ಅಥವಾ ಆವರಣ ಮುಚ್ಚುವ ಕಮಾಂಡ್ ಪಠ್ಯಕ್ಕೆ ಕೈ ಹಾಕುತ್ತದೆ. ಬ್ರೌಸರ್ ಆಧಾರದ ಎಡಿಟರ್ ಆದರೆ ಕಂಪೊಸಿಶನ್ ಶುರು ಮತ್ತು ಕೊನೆಯ ಈವೆಂಟ್‌ಗಳನ್ನು ಆಲಿಸಿ. ನಡುವೆ ಏನನ್ನೂ ಮುಟ್ಟಬೇಡಿ. ಕಾರಣ ಖಚಿತ ಮಾಡಿಕೊಳ್ಳಲು ಅದೇ ಪದವನ್ನು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಹೊಡೆದು ನೋಡಿ. ಅಲ್ಲಿ ಒಂದು ಕೀಲಿಗೆ ನೇರವಾಗಿ ಅಕ್ಷರ ಬೀಳುವಂತಿದ್ದು ತೊಂದರೆ ಮಾಯವಾದರೆ ದೋಷ ಈ ಜಾಗದ್ದೇ.

ಬೇರೆಯವರ ಪ್ಲಗಿನ್‌ಗೆ ದೂರು ಬರೆಯುವಾಗ

‘ಕನ್ನಡದಲ್ಲಿ ಕೆಲಸ ಮಾಡುವುದಿಲ್ಲ’ ಎಂದು ಬರೆದರೆ ಕನ್ನಡ ಓದಲು ಬಾರದ ನಿರ್ವಾಹಕರಿಗೆ ಏನೂ ಮಾಡಲು ಆಗುವುದಿಲ್ಲ. ಒಂದೇ ಸಾಲಿನ ಕಡತ ಕೊಡಿ. ಕರ್ಸರ್ ಎಲ್ಲಿತ್ತು, ಎಲ್ಲಿ ಇರಬೇಕಿತ್ತು, ಎಲ್ಲಿಗೆ ಹೋಯಿತು ಎಂಬ ಮೂರನ್ನೂ ಬೈಟ್, ಕೋಡ್‌ಪಾಯಿಂಟ್ ಎರಡರಲ್ಲೂ ಬರೆಯಿರಿ. ಚಿತ್ರ ಮಾತ್ರ ಕಳಿಸಬೇಡಿ, ಪಠ್ಯವನ್ನೇ ಕೊಡಿ. ಚಿತ್ರದಲ್ಲಿ ಜೆಡ್‌ಡಬ್ಲ್ಯುಎನ್‌ಜೆ ಕಾಣುವುದಿಲ್ಲ. ‘23 ಇರಬೇಕಾದ ಕಡೆ 9 ಹೋಗಿದೆ’ ಎಂದು ಕಂಡರೆ ಲಿಪಿ ಗೊತ್ತಿಲ್ಲದವರೂ ಸರಿಯಾದ ಜಾಗಕ್ಕೇ ಹೋಗಿ ನೋಡುತ್ತಾರೆ. ನೀವೇ ನಿರ್ವಾಹಕರಾಗಿದ್ದರೆ ಲಕ್ಷ್ಮಿ, ಸೂರ್ಯ, ಸಾಫ್ಟ್‌ವೇರ್, ರ‍್ಯಾಂಕ್, ಎರಡೂ ರೂಪದ ಕೋ, ನಡುವೆ ಒಂದು ನಗುಮುಖ ಇರುವ ಸಾಲೊಂದನ್ನು ಪರೀಕ್ಷೆಯ ಕಡತದಲ್ಲಿ ಕಾಯಂ ಆಗಿ ಇಡಿ. ಪ್ರತಿ ತಿದ್ದುಪಡಿಯ ನಂತರ ಕಮಾಂಡನ್ನು ಅದರ ಮೇಲೆ ಓಡಿಸಿ.